ಬೇರೆಯವರ ಅಕ್ಷರದಲ್ಲಿ

ನಮ್ಮ ಅಕ್ಕನ ಮಗಳು ಒಂದು ಕಡೆ ಕೂತು ಓದಿದ್ದನ್ನು ಕಂಡವರು ಯಾರಾದರೂ ಇದ್ದರೆ ಮುಂದೆ ಬರಲಿ, ಅವರಿಗೆ ನಾನೇ ಕೈ ಮುಗಿಯುತ್ತೇನೆ. ಅವಳ ಓದೆಲ್ಲ ಓಡಾಟದಲ್ಲಿ. ಅಕ್ಕನ ಲಾಂಡ್ರಿಯ ಹಿಂಭಾಗದಲ್ಲಿ, ಬಟ್ಟೆ ತೊಳೆಯುವ ಯಂತ್ರಗಳಿಗೂ ಇಸ್ತ್ರಿ ಮೇಜಿಗೂ ನಡುವೆ ಒಬ್ಬರು ನಡೆಯುವಷ್ಟು ಜಾಗವಿದೆ. ಪುಸ್ತಕವನ್ನು ಮೂಗಿಗೆ ಹತ್ತಿರ ಹಿಡಿದು, ತೂಗುಹಾಕಿದ ಅಂಗಿಗಳ ತೋಳನ್ನು ತಲೆಯಿಂದಲೇ ಸರಿಸುತ್ತಾ, ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಿರುತ್ತಾಳೆ. ಕೂರಿಸಿದರೆ ಕಾಲು ಕುಣಿಯುತ್ತದೆ, ಮೇಜು ಅಲುಗಾಡುತ್ತದೆ, ಗುಂಡಿ ಇಟ್ಟ ಡಬ್ಬಿ ಕೆಳಗೆ ಬೀಳುತ್ತದೆ. ಮನೆಯಲ್ಲಿ ಅವಳಿಗೆ ಗಡಿಬಿಡಿ ಎಂದೇ ಹೆಸರು. ಹುಟ್ಟುವಾಗಲೂ ತಿಂಗಳು ತುಂಬುವ ತನಕ ಕಾಯಲಿಲ್ಲ ಎಂದು ಅಕ್ಕ ಇವತ್ತಿಗೂ ದೂರುತ್ತಾಳೆ.

ನಾನು ಅವಳ ಚಿಕ್ಕಮ್ಮ. ಊರಿನ ಇನ್ನೊಂದು ತುದಿಯ ಶಾಲೆಯಲ್ಲಿ ದೊಡ್ಡ ತರಗತಿಗಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಬೇಸಿಗೆ ಬಂದರೆ ಬೋರ್ಡ್ ಪರೀಕ್ಷೆಯ ಉತ್ತರಪತ್ರಿಕೆ ತಿದ್ದಲು ಹೋಗುತ್ತೇನೆ. ಅಲ್ಲಿ ನನ್ನನ್ನು ಕತ್ತರಿ ಎನ್ನುತ್ತಾರೆ. ಹಿಂದಿನಿಂದ ಅನ್ನುತ್ತಿದ್ದರು, ಈಗ ಎದುರಿಗೇ ಅನ್ನುತ್ತಾರೆ. ನನಗೇನೂ ಬೇಜಾರಿಲ್ಲ. ಬರೆದದ್ದಕ್ಕೆ ಅಂಕ, ಬರೆಯದ್ದಕ್ಕೆ ಸೊನ್ನೆ. ಬರೆಯಬೇಕು ಅಂದುಕೊಂಡದ್ದಕ್ಕೆಲ್ಲ ಅಂಕ ಕೊಡುತ್ತಾ ಹೋದರೆ ನಾಳೆ ಔಷಧಿ ಅಂಗಡಿಯಲ್ಲಿ ಏನು ಕೊಡುತ್ತಾರೆ, ಯಾರಿಗೆ ಕೊಡುತ್ತಾರೆ, ಹೇಳುವವರಾರು?

ಔಷಧಿಯ ಮಾತು ಸುಮ್ಮನೆ ಬಂದದ್ದಲ್ಲ. ಗಡಿಬಿಡಿಗೆ ಫಾರ್ಮಸಿ ಓದುವ ಆಸೆ. ಬೇರೆ ಮಕ್ಕಳು ಕಥೆಪುಸ್ತಕ ಓದುವ ವಯಸ್ಸಿನಲ್ಲಿ ಇವಳು ಲಾಂಡ್ರಿಯ ಕಲೆ ತೆಗೆಯುವ ಬಾಟಲಿಗಳ ಮೇಲಿನ ಸಣ್ಣ ಅಕ್ಷರ ಓದಿಕೊಂಡು ಬೆಳೆದವಳು. ಮಿಕ್ಕ ಎಲ್ಲ ವಿಷಯದಲ್ಲೂ ಕಾಲೇಜು ಕೇಳಿದಷ್ಟು ಅಂಕ ಇತ್ತು. ಕೆಮಿಸ್ಟ್ರಿಯಲ್ಲಿ ಮಾತ್ರ ಎ ಗ್ರೇಡ್ ಬೇಕಿತ್ತು, ಅಂದರೆ ಎಪ್ಪತ್ತೈದು. ಮೊದಲ ಸಲ ಐವತ್ತೆಂಟು ಬಂತು. ಅಂಕ ಏರಿಸಿಕೊಳ್ಳಲು ಮತ್ತೆ ಬರೆದಳು, ಐವತ್ತೊಂಬತ್ತು ಬಂತು. ಇನ್ನು ಒಂದೇ ಅವಕಾಶ. ಅದೂ ತಪ್ಪಿದರೆ ಕಾಲೇಜು ಅವಳಿಗಾಗಿ ಹಿಡಿದಿಟ್ಟ ಸೀಟು ಇನ್ನೊಬ್ಬರ ಪಾಲು.

ನನಗೆ ತಲೆ ಕೆಡುತ್ತಿದ್ದದ್ದು ಯಾಕೆಂದರೆ, ಮನೆಯಲ್ಲಿ ನಾನು ಕೊಟ್ಟ ಒಂದು ಪರೀಕ್ಷೆಯಲ್ಲೂ ಅವಳಿಗೆ ಎಂಬತ್ತಕ್ಕೆ ಕಡಿಮೆ ಬಂದಿರಲಿಲ್ಲ. ತಿದ್ದಿದ್ದು ಯಾರು? ಕತ್ತರಿ. ಹಾಗಿದ್ದ ಮೇಲೆ ತಪ್ಪು ಬೋರ್ಡಿನದೇ ತಾನೆ? ಮರುಮೌಲ್ಯಮಾಪನಕ್ಕೆ ಹಾಕಿಸಿದೆ. ಅರ್ಧ ಅಂಕವೂ ಅಲುಗಲಿಲ್ಲ.

"ಯಾವನೋ ಕಣ್ಣು ಮುಚ್ಕೊಂಡು ತಿದ್ದಿದ್ದಾನೆ," ಎಂದು ನಾನು ಲಾಂಡ್ರಿಯ ಕೌಂಟರಿಗೆ ಕೈ ಕುಟ್ಟಿದೆ.

"ಎರಡು ಸಲಾನೂ ಕಣ್ಣು ಮುಚ್ಕೊಂಡಿದ್ನಾ?" ಎಂದಳು ಅಕ್ಕ, ಯಾರದೋ ಕೋಟಿನ ಜೇಬು ತಡಕಾಡುತ್ತಾ. ಅಕ್ಕ ಹೀಗೆಯೇ, ಜೇಬು ನೋಡದೆ ಯಾವುದನ್ನೂ ಯಂತ್ರಕ್ಕೆ ಹಾಕುವವಳಲ್ಲ.

ಗಡಿಬಿಡಿ ಆ ದಿನವೆಲ್ಲ ಗೋಡೆಯಿಂದ ಗೋಡೆಗೆ ನಡೆದಳು.

ಕೆಲವು ವಾರ ಕಳೆದ ಮೇಲೆ ಒಂದು ಭಾನುವಾರ ಮಧ್ಯಾಹ್ನ, ಲಾಂಡ್ರಿಯಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಅವಳು ಪಿನ್ನು ಹಾಕಿದ ಒಂದು ಕಟ್ಟು ಹಾಳೆ ತಂದು ನನ್ನ ಮುಂದಿಟ್ಟಳು.

"ನನ್ನ ಫ್ರೆಂಡ್ ಒಬ್ಳು ಬರ್ದಿದ್ದಾಳೆ ಚಿಕ್ಕಮ್ಮ. ಅವಳಿಗೂ ಎ ಬೇಕಂತೆ. ಸ್ವಲ್ಪ ತಿದ್ದಿ ಕೊಡ್ತೀಯಾ?"

ಮುತ್ತು ಪೋಣಿಸಿದ ಹಾಗೆ ಗುಂಡು ಗುಂಡು ಅಕ್ಷರ. ಗಡಿಬಿಡಿಯ ಬರಹ ಗಾಳಿಗೆ ಓಲಾಡುವ ಹುಲ್ಲು. ಈ ಹುಡುಗಿ ಯಾರೋ ಶಿಸ್ತಿನವಳು ಎಂದುಕೊಂಡು ಕೆಂಪು ಪೆನ್ನು ತೆಗೆದೆ. ಎರಡು ಪುಟ ಕಳೆಯುವುದರೊಳಗೆ ನನಗೆ ಮೂಗಿನ ಮೇಲೆ ಕೋಪ.

"ನೋಡಕ್ಕ ಇಲ್ಲಿ. ನೀರು ಕುದಿಯೋಕೆ ಅಷ್ಟು ಶಾಖ ಯಾಕೆ ಬೇಕು ಅಂತ ಪ್ರಶ್ನೆ. ಈ ಮಹಾರಾಣಿ ಬರೆದಿರೋದು, 'ಬಂಧ ಗಟ್ಟಿ, ಬಿಡಿಸುವುದು ಕಷ್ಟ.' ಯಾವ ಬಂಧ? ಅಣುವಿನ ಒಳಗಿರೋದಾ, ಒಂದು ಅಣುವಿಗೂ ಇನ್ನೊಂದಕ್ಕೂ ಮಧ್ಯೆ ಇರೋದಾ? ಒಳಗಿನ ಬಂಧ ಬಿಟ್ಟರೆ ಕೆಟಲಿಂದ ಹಬೆ ಬರಲ್ಲ, ಹೈಡ್ರೋಜನ್ ಬರುತ್ತೆ. ಟೀ ಮಾಡೋಕೆ ಹೋದವರು ಮನೆ ಸೂರನ್ನೇ ಹಾರಿಸಿಕೊಂಡು ಹೋಗ್ತಾರೆ."

ಅಕ್ಕ ನಕ್ಕಳು. ಅವಳು ನಕ್ಕರೆ ನನಗೆ ಇನ್ನಷ್ಟು ಹುರುಪು. ಮುಂದಿನ ಪುಟ ತಿರುವಿದೆ.

"ವೇಗವರ್ಧಕ ಏನು ಮಾಡುತ್ತೆ? 'ದಾರಿ ಸುಲಭ ಆಗುತ್ತದೆ, ಹಾಗಾಗಿ ಬೇಗ.' ಯಾವ ದಾರಿ, ಯಾವ ಊರಿನ ದಾರಿ? ಕ್ರಿಯೆ ಶುರುವಾಗೋಕೆ ಬೇಕಾದ ಶಕ್ತಿಯ ಹೆಸರೇ ಇಲ್ಲ. ಇಲ್ಲಿ ಲೆಕ್ಕ ನೋಡು, ಐದು ಅಂಕದ್ದು. 'ಸೊನ್ನೆ ಬಿಂದು ಒಂದು ಎರಡು. ಅಷ್ಟೇ.' ಅಷ್ಟೇ ಅಂತೆ. ಗ್ರಾಮೋ, ಲೀಟರೋ, ಬಾಳೆಹಣ್ಣೋ? ಹೇಗೆ ಬಂತು ಅಂತ ಒಂದು ಸಾಲು ಬೇಡ್ವಾ? ಉತ್ತರಾನೂ ತಪ್ಪು. ಹಂತ ಬರೆದಿದ್ರೆ ಮೂರು ಅಂಕನಾದ್ರೂ ಕೊಡ್ತಿದ್ದೆ."

ಹಿಂದಿನಿಂದ ಬಟ್ಟೆ ಸುಡುವ ವಾಸನೆ ಬಂತು. ಗಡಿಬಿಡಿ ಇಸ್ತ್ರಿ ಮೇಜಿನ ಮುಂದೆ ನಿಂತಿದ್ದಳು, ಅಲುಗಾಡದೆ. ನಾನು ಅದನ್ನು ಗಮನಿಸಬೇಕಿತ್ತು. ಅವಳು ಹಾಗೆ ನಿಲ್ಲುವ ಪೈಕಿ ಅಲ್ಲ.

"ಅಂಗಿ ಕಣೇ," ಎಂದಳು ಅಕ್ಕ.

ಅವಳು ಇಸ್ತ್ರಿಪೆಟ್ಟಿಗೆ ಎತ್ತಿ ನೆಟ್ಟಗೆ ನಿಲ್ಲಿಸಿದಳು. "ಎಷ್ಟು ಬಂತು ಚಿಕ್ಕಮ್ಮ?"

"ಐವತ್ತೇಳು. ಅದೂ ಇವತ್ತು ನಾನು ಖುಷಿಯಾಗಿರೋದಕ್ಕೆ. ನಿನ್ನ ಫ್ರೆಂಡಿಗೆ ಹೇಳು, ಅಕ್ಷರ ಚೆನ್ನಾಗಿದೆ, ಅಂಗಡಿ ಬೋರ್ಡು ಬರೆಯೋ ಕೆಲಸ ಮಾಡ್ಲಿ. ಔಷಧಿ ಸಹವಾಸ ಬೇಡ."

"ಬರೆದಿದ್ದು ನಾನು," ಎಂದಳು ಅವಳು. "ಅವಳು ನಕಲು ಮಾಡಿ ಕೊಟ್ಟಳು ಅಷ್ಟೇ. ಒಂದು ಅಕ್ಷರಾನೂ ಬದಲಾಯಿಸಬೇಡ ಅಂದಿದ್ದೆ."

ಸುಳ್ಳು ಎಂದೆ. ತಮಾಷೆ ಮಾಡಬೇಡ ಎಂದೆ. ಅವಳು ತನ್ನ ಚೀಲದಿಂದ ಓಲಾಡುವ ಹುಲ್ಲಿನ ಅಕ್ಷರದ ಮೂಲ ಪ್ರತಿ ತೆಗೆದು ಪಕ್ಕಕ್ಕಿಟ್ಟಳು. ನನ್ನ ಮುಖ ಇಂಗು ತಿಂದ ಮಂಗನ ಹಾಗಾಗಿರಬೇಕು, ಅಕ್ಕ ಎದ್ದು ಹೋಗಿ ಇಲ್ಲದ ಗಿರಾಕಿಗಾಗಿ ಬಾಗಿಲ ಹೊರಗೆ ನೋಡತೊಡಗಿದಳು.

ಮೂಲ ಪ್ರತಿಯನ್ನು ಓದಿದೆ. ಇದನ್ನು ಹೇಗೆ ಹೇಳಲಿ? ಅದೇ ಮಾತು, ಈಗ ಎಲ್ಲ ಸರಿಯಾಗಿತ್ತು. 'ಬಂಧ ಗಟ್ಟಿ' ಎಂದು ಓದಿದ ಕೂಡಲೇ ಅವಳು ಎರಡೂ ಕೈಯ ಬೆರಳು ಹೆಣೆದು, ಒಂದು ಅಣು ಇನ್ನೊಂದನ್ನು ಹೇಗೆ ಹಿಡಿದುಕೊಂಡಿರುತ್ತದೆ ಎಂದು ಈ ಮೇಜಿನ ಮುಂದೆಯೇ ನಿಂತು ತೋರಿಸಿದ್ದು ಕಣ್ಣಿಗೆ ಕಟ್ಟಿತು. 'ದಾರಿ' ಎಂದಾಗ, ಗುಡ್ಡ ಹತ್ತುವ ಬದಲು ಬಳಸಿಕೊಂಡು ಹೋಗುವ ಸುಲಭದ ದಾರಿ ಎಂದು ಅವಳಿಗೆ ಉದಾಹರಣೆ ಕೊಟ್ಟವಳೇ ನಾನು. ಲೆಕ್ಕದಲ್ಲಿ ಅವಳು ಎಲ್ಲಿ ಎಡವಿದ್ದಾಳೆ ಎಂಬುದೂ ಹೊಳೆಯಿತು, ಬರೆಯದ ಹಂತಗಳೆಲ್ಲ ಸಾಲಾಗಿ ಕಂಡವು. ಪೆನ್ನು ತಾನಾಗಿ ಅಂಕ ಹಾಕಲು ತುಡಿಯುತ್ತಿತ್ತು. ಹಾಕುತ್ತಾ ಹೋಗಿದ್ದರೆ ಎಂಬತ್ತು ದಾಟುತ್ತಿತ್ತು.

"ನೀನು ನನ್ನ ಪೇಪರ್ ಓದಲ್ಲ ಚಿಕ್ಕಮ್ಮ," ಎಂದಳು ಗಡಿಬಿಡಿ. "ನನ್ನನ್ನ ಓದ್ತೀಯ. ಅಲ್ಲಿ ತಿದ್ದೋರಿಗೆ ನಾನು ಗೊತ್ತಿಲ್ಲ."

ಆಗ ನಾನು ಹೇಳಬೇಕಾಗಿದ್ದು ಬೇರೆ, ಬಾಯಿಂದ ಬಂದದ್ದು ಬೇರೆ. "ನನ್ನ ಮೇಲೇ ಪ್ರಯೋಗ ಮಾಡ್ತೀಯಾ? ಇಷ್ಟು ವರ್ಷ ಕೂರಿಸ್ಕೊಂಡು ಹೇಳಿಕೊಟ್ಟಿದ್ದಕ್ಕೆ ಇದಾ?" ಎಂದು ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಬಿಟ್ಟೆ.

ಬಸ್ ನಿಲ್ದಾಣಕ್ಕೆ ಬಂದೆ. ಬಸ್ ಬಂತು, ಹತ್ತಲಿಲ್ಲ. ನಡೆದೆ. ಸೈಕಲ್ ಅಂಗಡಿಯವನು ಟ್ಯೂಬನ್ನು ನೀರಿನಲ್ಲಿ ಅದ್ದಿ ತೂತು ಹುಡುಕುತ್ತಿದ್ದ, ಅದನ್ನು ನೋಡುತ್ತಾ ಸುಮ್ಮನೆ ನಿಂತೆ, ಅವನು ಏನು ಬೇಕಿತ್ತು ಎಂದು ಕೇಳಿದ ಮೇಲೆ ಅಲ್ಲಿಂದ ಜಾಗ ಖಾಲಿ ಮಾಡಿದೆ. ಮನಸ್ಸು ಒಂದೇ ಸಮ ವಾದ ಹೂಡುತ್ತಿತ್ತು. ನಾನು ಮೋಸ ಮಾಡಿಲ್ಲ. ಬೇಕೆಂದು ಒಂದು ಅಂಕವನ್ನೂ ಜಾಸ್ತಿ ಹಾಕಿಲ್ಲ. ಹೌದು, ಹಾಕಿಲ್ಲ. ಆದರೆ ಅವಳು ಅರ್ಧ ಬರೆದದ್ದನ್ನು ಉಳಿದರ್ಧ ನಾನೇ ತುಂಬಿಕೊಂಡು ಓದಿದ್ದೆ, ತುಂಬಿಕೊಂಡದ್ದು ನನಗೇ ಗೊತ್ತಾಗದಷ್ಟು ಸಲೀಸಾಗಿ. ಮಗುವಿನ ತೊದಲು ಮಾತು ತಾಯಿಗೆ ತಿಳಿಯುವ ಹಾಗೆ. ಅದನ್ನು ಹೊರಗಿನವರ ಮುಂದೆ ಆಡಲು ಎರಡು ಸಲ ಕಳಿಸಿ, ಅವರಿಗೆ ಕಿವಿ ಕೇಳಿಸುವುದಿಲ್ಲ ಎಂದು ಬೈದುಕೊಂಡು ಕೂತಿದ್ದೆ.

ಇನ್ನೊಂದು ಯೋಚನೆಯೂ ಬಂತು, ಅದು ಚೆನ್ನಾಗಿರಲಿಲ್ಲ. ಇಷ್ಟು ಬೇಸಿಗೆಗಳಲ್ಲಿ ನಾನು ಕತ್ತರಿಸಿದ ಪೇಪರುಗಳಲ್ಲಿ ಎಷ್ಟರ ಹಿಂದೆ ಹೀಗೆ ತುಂಬಿಕೊಂಡು ಓದುವ ಒಬ್ಬಳು ಚಿಕ್ಕಮ್ಮ ಇದ್ದಿರಬಹುದು? ಆದರೂ ಮತ್ತೆ ತಿದ್ದಲು ಕೊಟ್ಟರೆ ಹಾಗೆಯೇ ತಿದ್ದುತ್ತೇನೆ, ಬೇರೆ ದಾರಿಯಿಲ್ಲ. ಕೈಸನ್ನೆಗೆ ಅಂಕ ಕೊಡಲು ಬರುವುದಿಲ್ಲ.

ಮನೆ ತಲುಪಿದ ಮೇಲೂ ಕೂರಲು ಆಗಲಿಲ್ಲ. ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ. ಗಡಿಬಿಡಿ ಯಾರ ಥರ ಎಂದು ಅಕ್ಕ ಆಗಾಗ ಕೇಳುತ್ತಿರುತ್ತಾಳೆ. ಆ ಸಂಜೆ ನಾನು ಉತ್ತರ ಹೇಳಬಹುದಿತ್ತು.

ಮಾರನೆಯ ದಿನ ಶಾಲೆಯಿಂದ ನೇರ ಲಾಂಡ್ರಿಗೆ ಹೋದೆ. ಕ್ಷಮಿಸು ಎನ್ನುವುದು ನಮ್ಮ ಮನೆಯಲ್ಲಿ ಯಾರಿಗೂ ಬಾರದ ವಿದ್ಯೆ. "ಶನಿವಾರ ನಮ್ಮ ಸ್ಕೂಲಿನ ಲ್ಯಾಬಿಗೆ ಬಾ," ಎಂದೆ. "ಮರುಪರೀಕ್ಷೆ ಬರೆಯೋರಿಗೆ ಕ್ಲಾಸ್ ತಗೋತೀನಲ್ಲ, ಅಲ್ಲಿ ಎಲ್ಲರ ಜೊತೆ ಬರಿ. ಮನೇಲಿ ನಿನ್ನ ಪೇಪರ್ ಇನ್ನು ನಾನು ಮುಟ್ಟಲ್ಲ."

ಅಕ್ಕ ನನ್ನ ಕೈಗೆ ಟೀ ಲೋಟ ಕೊಟ್ಟಳು.

ಶನಿವಾರದ ತರಗತಿಗೆ ಹೊಸ ಕಾನೂನು ತಂದೆ. ಯಾರೂ ತಮ್ಮ ಅಕ್ಷರದಲ್ಲಿ ಪೇಪರು ಕೊಡುವ ಹಾಗಿಲ್ಲ. ಪರೀಕ್ಷೆ ಮುಗಿದ ಮೇಲೆ ಲ್ಯಾಬ್ ಅಟೆಂಡರ್ ಪೇಪರುಗಳನ್ನು ಇಸ್ಪೀಟಿನ ಹಾಗೆ ಕಲೆಸಿ ಹಂಚುತ್ತಿದ್ದ. ಒಬ್ಬರದು ಇನ್ನೊಬ್ಬರಿಗೆ. ಸಿಕ್ಕಿದ್ದನ್ನು ಕಣ್ಣಿಗೆ ಕಂಡ ಹಾಗೆ, ತಪ್ಪನ್ನೂ ತಪ್ಪಾಗಿಯೇ, ತಮ್ಮ ಕೈಯಲ್ಲಿ ನಕಲು ಮಾಡಬೇಕು. ನಾನು ನಕಲು ಪ್ರತಿಯನ್ನು ಮಾತ್ರ ತಿದ್ದುತ್ತೇನೆ. ಯಾರು ಬರೆದದ್ದನ್ನು ಯಾರು ನಕಲು ಮಾಡಿದರು ಎಂಬುದು ಅಂಕ ಹಾಕಿದ ಮೇಲೆ ಬಯಲು.

ಮೊದಲ ವಾರ ಲ್ಯಾಬು ಸಂತೆಯಾಯಿತು. "ಏನೋ ಇದು, 'ಹಾಗಾಗಿ ಹೆಚ್ಚುತ್ತದೆ' ಅಂತ ಬರ್ದಿದ್ದೀಯ, ಏನು ಹೆಚ್ಚುತ್ತೆ, ನಿನ್ನ ಸೊಕ್ಕಾ?" ಎಂದು ಒಬ್ಬಳು ಕೂಗಿದಳು. ಸಮತೋಲನದ ಬಗ್ಗೆ ಮೂರು ಪುಟ ಬರೆದಿದ್ದವನ ಪೇಪರು ಸಿಕ್ಕಿದವನು ಕೈ ನೋವೆಂದು ಅರ್ಧಕ್ಕೇ ನಿಲ್ಲಿಸಿ, "ಮಿಸ್, ಇದರಲ್ಲಿ ಎರಡು ಸಾಲು ಮಾತ್ರ ಬೇಕಾಗಿದ್ದು, ಉಳಿದಿದ್ದು ಊರ ಸುದ್ದಿ," ಎಂದ. ಬೇರೆಯವರ ಅರ್ಧಂಬರ್ಧ ವಾಕ್ಯವನ್ನು ಕೈಯಾರೆ ಬರೆಯುವಾಗಲೇ ಅವರಿಗೆ ತಮ್ಮ ಅರ್ಧಂಬರ್ಧ ವಾಕ್ಯದ ನೆನಪಾಗುತ್ತಿತ್ತು. ಇಷ್ಟು ವರ್ಷ ನಾನು ಕೆಂಪು ಪೆನ್ನಿನಲ್ಲಿ ಗೀಚಿ ಗೀಚಿ ಹೇಳಿದ್ದು ಒಬ್ಬರ ತಲೆಗೂ ಹೋಗಿರಲಿಲ್ಲ.

ನನಗೂ ಗಡಿಬಿಡಿಗೂ ನಡುವೆ ಒಂದು ಪಂದ್ಯ ಶುರುವಾಯಿತು. ಕಟ್ಟಿನಲ್ಲಿ ಅವಳದ್ದು ಯಾವುದೆಂದು ನಾನು ಹಿಡಿದರೆ, ಆ ವಾರ ಲಾಂಡ್ರಿಗೆ ಬಂದ ಹೊದಿಕೆಗಳನ್ನೆಲ್ಲ ಅವಳು ಮಡಿಚಬೇಕು. ಹಿಡಿಯದಿದ್ದರೆ ನಾನು. ಮೊದಲ ವಾರ ಎರಡನೇ ಪುಟದಲ್ಲೇ ಹಿಡಿದೆ, ಯಾರದೋ ಓರೆ ಅಕ್ಷರದ ಕೊನೆಯಲ್ಲಿ 'ಅಷ್ಟೇ' ಎಂದಿತ್ತು. ಮುಂದಿನ ವಾರ 'ಅಷ್ಟೇ' ಇರಲಿಲ್ಲ, ಆದರೆ ಲೆಕ್ಕ ಮೂರನೇ ಹಂತದಿಂದ ಹಾರಿ ಐದಕ್ಕೆ ಹೋಗಿತ್ತು. ಅವಳು ಗೊಣಗುತ್ತಾ ಹೊದಿಕೆ ಮಡಿಚಿದಳು. ಅಂಕ ಅರವತ್ತರ ಸುತ್ತ ಗಿರಕಿ ಹೊಡೆಯುತ್ತಿತ್ತು. ಪರೀಕ್ಷೆ ಹತ್ತಿರ ಬರುತ್ತಿತ್ತು. ನನ್ನ ನಿದ್ದೆ ಹೋಗಿತ್ತು, ಅಕ್ಕ ಒಂದು ದಿನ ಜೇಬು ನೋಡದೆ ಯಂತ್ರ ಹಾಕಿ ಯಾರದೋ ಪೆನ್ನಿನ ಶಾಯಿಯಲ್ಲಿ ಎಲ್ಲ ಅಂಗಿಗಳನ್ನೂ ನೀಲಿ ಮಾಡಿದಳು.

ಆಮೇಲೆ ಗಡಿಬಿಡಿ ತನಗೊಬ್ಬ ಓದುಗನನ್ನು ಹುಡುಕಿಕೊಂಡಳು. ಬಸ್ ಪಾಸ್ ಕೌಂಟರಿನ ಗುಮಾಸ್ತ. ಅವನನ್ನು ನಾವೆಲ್ಲ ಬಲ್ಲೆವು. ಯಾವ ಮಾರ್ಗ, ಎಲ್ಲಿಂದ, ಎಲ್ಲಿಗೆ, ಯಾವ ತಾರೀಖಿನಿಂದ, ಸಹಿ ಎಲ್ಲಿ ಎಂದು ಎಲ್ಲವನ್ನೂ ಬಿಡಿಸಿ ಹೇಳುವ ತನಕ ಕಿಟಕಿಯಾಚೆಯಿಂದ ಸತ್ತ ಮೀನಿನ ಕಣ್ಣು ಬಿಟ್ಟುಕೊಂಡು ನೋಡುವವನು.

"ಪ್ರತಿ ಉತ್ತರಾನೂ ಅವನ ಕಿಟಕಿಗೆ ಕೊಡ್ತಿದ್ದೀನಿ ಅಂದ್ಕೋತೀನಿ," ಎಂದಳು. "ಬಂಧ ಅಂದ್ರೆ, ಯಾವ ಬಂಧ ಅಂತಾನೆ. ಹೆಚ್ಚುತ್ತೆ ಅಂದ್ರೆ, ಏನು ಹೆಚ್ಚುತ್ತೆ ಅಂತಾನೆ. ಸಿಟ್ಟು ಬರುತ್ತೆ ಚಿಕ್ಕಮ್ಮ. ಆದ್ರೆ ಪೂರ್ತಿ ಬರೀತೀನಿ."

ಬರೆಯುವಾಗ ಅವಳ ಕಾಲು ಈಗಲೂ ಕುಣಿಯುತ್ತಿತ್ತು. ಪೆನ್ನು ಮಾತ್ರ ನಿಧಾನವಾಯಿತು. ಒಂದು ಸಾಲು ಬರೆದು, ತಲೆಯೆತ್ತಿ, ಕಾಣದ ಕಿಟಕಿಯನ್ನು ದುರುಗುಟ್ಟಿ ನೋಡಿ, ಮತ್ತೊಂದು ಸಾಲು ಬರೆಯುತ್ತಿದ್ದಳು.

ಬೋರ್ಡ್ ಪರೀಕ್ಷೆಗೆ ಮುಂಚಿನ ಕೊನೆಯ ಶನಿವಾರದ ಕಟ್ಟನ್ನು ನಾನು ಸ್ಟಾಫ್ ರೂಮಿನಲ್ಲಿ ಕೂತು ತಿದ್ದಿದೆ. ಅವಳನ್ನು ಹುಡುಕುತ್ತಲೇ ತಿದ್ದಿದೆ. ಕೊನೆಗೊಂದು ಸಿಕ್ಕಿತು. ಆತುರದ ವಾಕ್ಯಗಳು, ಅಲ್ಲಲ್ಲಿ ಮಿಂಚಿನಂಥ ಬುದ್ಧಿ, ಒಂದು ಕಡೆ ಹಂತ ಹಾರಿದ್ದು. ಅರವತ್ತಾರು ಬಂದಿತ್ತು. ಇನ್ನೇನು ಮಾಡಲಿ, ಸಮಯವೆಲ್ಲಿದೆ? ಆ ಪೇಪರನ್ನು ಮೇಲಿಟ್ಟುಕೊಂಡು ಕಟ್ಟಿನ ಸಮೇತ ಲ್ಯಾಬಿಗೆ ಹೋದೆ.

"ಇದು ನಿಂದು," ಎಂದೆ, ಕೋಪ ತಡೆಯಲಾಗದೆ. "ಇನ್ನೂ ಹಾರ್ತಿದ್ದೀಯ."

ಅವಳು ನೋಡಿ ತಲೆಯಾಡಿಸಿದಳು. "ಅಲ್ಲ." ಕಟ್ಟಿನಲ್ಲಿ ಕೈಯಾಡಿಸಿ ಇನ್ನೊಂದನ್ನು ಎಳೆದು ನನ್ನ ಮುಂದೆ ಹಿಡಿದಳು.

ಅದು ನನಗೆ ಚೆನ್ನಾಗಿ ನೆನಪಿತ್ತು. ಎಂಬತ್ತನಾಲ್ಕು ಹಾಕಿದ್ದೆ, ಎಲ್ಲೂ ಪೆನ್ನು ತಡವರಿಸಿರಲಿಲ್ಲ. ನೀರಿನ ಒಂದು ಅಣುವಿಗೂ ಇನ್ನೊಂದಕ್ಕೂ ನಡುವಿನ ಹೈಡ್ರೋಜನ್ ಬಂಧ ಎಂದು ಬಿಡಿಸಿ ಬರೆದಿತ್ತು. ಲೆಕ್ಕದ ಪ್ರತಿ ಹಂತದ ಪಕ್ಕದಲ್ಲೂ ಅದರ ಅಳತೆಯ ಹೆಸರಿತ್ತು. ಓದಿ ಎಷ್ಟು ಹಾಯಾಗಿತ್ತೆಂದರೆ, ಯಾರ ಪೇಪರಿನ ಮೇಲೂ ಹೊಗಳಿ ಬರೆಯದ ನಾನು ಕೊನೆಯ ಪುಟದಲ್ಲಿ ಕೆಂಪು ಶಾಯಿಯಲ್ಲಿ ಒಂದು ಸಾಲು ಬರೆದಿದ್ದೆ. 'ಯಾರಮ್ಮ ನೀನು? ಸೊಗಸಾಗಿದೆ.'

ಅವಳು ಆ ಸಾಲನ್ನು ಓದಿದಳು, ನನ್ನ ಮುಖ ನೋಡಿದಳು. ನಗುತ್ತಾಳೆ ಎಂದುಕೊಂಡೆ, ನಗಲಿಲ್ಲ. ನನಗೆ ಕುಣಿದುಬಿಡುವಷ್ಟು ಖುಷಿಯಾಗಿತ್ತು. ಆದರೆ ಎತ್ತಿ ಆಡಿಸಿದ ಮಗುವನ್ನು ನಾನು ಗುರುತಿಸಿರಲಿಲ್ಲ. ಗುರುತಿಸಬಾರದು ಎಂದು ಹಟ ಹಿಡಿದು ಕಲಿಸಿದವಳೂ ನಾನೇ. ಆ ವಾರ ಹೊದಿಕೆಗಳನ್ನು ಮಡಿಚಿದೆ, ಅಂಚಿಗೆ ಅಂಚು ಕೂಡಲಿಲ್ಲ, ಅಕ್ಕ ಎಲ್ಲವನ್ನೂ ಬಿಚ್ಚಿ ಮತ್ತೆ ಮಡಿಚಿದಳು.

ಮನೆಯ ಹುಡುಗಿ ಪರೀಕ್ಷೆ ಬರೆಯುವ ವರ್ಷ ಅದೇ ವಿಷಯದ ಪೇಪರು ತಿದ್ದುವಂತಿಲ್ಲ. ಹಾಗಾಗಿ ಆ ಸಲವೂ ನನಗೆ ಬಿಡುವು, ಬಿಡುವೆಂದರೆ ಶಿಕ್ಷೆ. ಅವಳು ಪರೀಕ್ಷೆ ಬರೆದು ಹೊರಬಂದಾಗ ಐದನೇ ಪ್ರಶ್ನೆಗೆ ಏನು ಬರೆದೆ ಎಂದು ಕೇಳಲು ಬಾಯಿ ತೆರೆದೆ. "ಕೇಳಬೇಡ ಚಿಕ್ಕಮ್ಮ," ಎಂದಳು, "ನೀನು ಕೇಳಿದ್ರೆ ನಾನು ಕೈಯಲ್ಲಿ ತೋರಿಸ್ತೀನಿ, ನೀನು ಸರಿ ಅಂತೀಯ." ಕೇಳಲಿಲ್ಲ. ಫಲಿತಾಂಶ ಬರುವ ತನಕ ನಾಲಿಗೆ ಕಚ್ಚಿಕೊಂಡು ಓಡಾಡಿದೆ. ನನ್ನ ಕೆಂಪು ಪೆನ್ನು ಒಣಗಿಹೋಯಿತು.

ಫಲಿತಾಂಶದ ಬೆಳಿಗ್ಗೆ ಮೂವರೂ ಲಾಂಡ್ರಿಯಲ್ಲಿದ್ದೆವು. ಅಕ್ಕ ಯಂತ್ರಗಳನ್ನೆಲ್ಲ ನಿಲ್ಲಿಸಿದ್ದಳು, ಸದ್ದಿಗೆ ಓದಲಾಗುವುದಿಲ್ಲವಂತೆ. ಗಡಿಬಿಡಿ ಫೋನು ಹಿಡಿದು ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದಳು. ನಾನು ಅವಳ ಹಿಂದೆಯೇ ನಡೆಯುತ್ತಿದ್ದೆ. ತಿರುಗುವಾಗ ಇಬ್ಬರೂ ಡಿಕ್ಕಿ ಹೊಡೆದೆವು.

ನಡುವೆ ಅವಳು ನಿಂತುಬಿಟ್ಟಳು. ಆಮೇಲೆ ಮಡಿಚಿಟ್ಟ ಬಟ್ಟೆಗಳ ರಾಶಿಯ ಮೇಲೆ ಕೂತಳು. ಕಾಲು ಕುಣಿಯುತ್ತಿರಲಿಲ್ಲ.

"ಎಷ್ಟು?" ಎಂದಳು ಅಕ್ಕ.

"ಎಂಬತ್ತೊಂದು. ಎ."

ಅಕ್ಕ ಅಲ್ಲೇ ಕೌಂಟರಿಗೆ ತಲೆಯಿಟ್ಟು ಅಳತೊಡಗಿದಳು. ನಾನು ಗಡಿಬಿಡಿಯ ಪಕ್ಕ ಕೂತು ಅವಳ ತಲೆಯನ್ನು ಎದೆಗೊತ್ತಿಕೊಂಡೆ. ಮನೆಯಲ್ಲಿ ನಾನೂ ಎಂಬತ್ತೊಂದು, ಎಂಬತ್ತೆರಡು ಎಂದು ಎಷ್ಟು ಸಲ ಕೊಟ್ಟಿರಲಿಲ್ಲ? ಯಾವತ್ತೂ ಅವಳ ಕಣ್ಣಲ್ಲಿ ನೀರು ಬಂದಿರಲಿಲ್ಲ.

"ಯಾರೋ ಗೊತ್ತಿಲ್ಲದೋರು ಕೊಟ್ಟಿದ್ದು ಚಿಕ್ಕಮ್ಮ," ಎಂದಳು ಅವಳು ನನ್ನ ಸೀರೆಗೆ ಮುಖ ಒರೆಸಿಕೊಳ್ಳುತ್ತಾ. "ನಾನು ಯಾರು ಅಂತಾನೇ ಗೊತ್ತಿಲ್ಲ ಅವರಿಗೆ."

ಆ ಗೊತ್ತಿಲ್ಲದವರ ಮೇಲೆ ನನಗೆ ಒಂದು ಕ್ಷಣ ಹೊಟ್ಟೆಕಿಚ್ಚಾಯಿತು. ಆಮೇಲೆ ಅವಳ ತಲೆ ಸವರುತ್ತಾ, ಹೌದು ಕಣೇ, ಗೊತ್ತಿಲ್ಲ ಎಂದೆ.